ಪ್ರೋಲಾಗ್ ಹೇಗೆ ಓಡುತ್ತದೆ ಅಂತ ತೋರಿಸಲು ಯಾವುದು ಒಳ್ಳೆಯದು: ಸೀಮೆಸುಣ್ಣ, ಟ್ರೇಸ್, ಜಿಟ್ರೇಸ್?

“ಮೇಡಂ, ಹರಿಹರದಿಂದ ವಾಪಸ್ ಬರೋ ಬಸ್ಸೇ ಪ್ರೋಗ್ರಾಮಲ್ಲಿ ಇಲ್ವಲ್ಲ. ಮತ್ತೆ ಅದು ದಾವಣಗೆರೆಗೆ ಹೆಂಗ್ ಬಂತು?”

ಲ್ಯಾಬಿನ ಹಿಂದಿನ ಸಾಲಿನಲ್ಲಿ ಕೂತಿದ್ದ ಜಗಳೂರು ಕಡೆಯ ಹುಡುಗ ಕೇಳಿದ ಪ್ರಶ್ನೆ ಇದು. ನಾನು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಪಾಠ ಮಾಡುತ್ತೇನೆ, ಅದರ ಜೊತೆಗೆ ಪ್ರೋಲಾಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕೂಡ ಕಲಿಸುತ್ತೇನೆ. ಆ ದಿನ ಪ್ರೊಜೆಕ್ಟರ್ ಹಾಕಿ, ಕಿಟಕಿಗಳಿರುವ ಡಿಬಗ್ಗರ್ (ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ತೋರಿಸುವ ಸಾಧನ) ತೆರೆದು, ಒಂದು ಗಂಟೆ ಪೂರ್ತಿ ಒಂದೊಂದೇ ಹೆಜ್ಜೆ ಒತ್ತಿ ತೋರಿಸಿದ್ದೆ. ಎಲ್ಲರೂ ಗಮನವಿಟ್ಟು ನೋಡಿದರು, ತಲೆ ಆಡಿಸಿದರು. ಅರ್ಥ ಆಗಲಿಲ್ಲ ಅಂತ ಬಾಯಿಬಿಟ್ಟು ಹೇಳಿದವನು ಇವನೊಬ್ಬನೇ. ಮುಂದಿನ ವಾರ ಅದೇ ಪ್ರೋಗ್ರಾಂ ಹಾಳೆಯ ಮೇಲೆ ಕೊಟ್ಟು “ಇದು ಹೇಗೆ ಓಡುತ್ತದೆ, ಬರೆಯಿರಿ” ಅಂದೆ. ಆಗ ಗೊತ್ತಾಯಿತು, ತಲೆ ಆಡಿಸಿದವರಲ್ಲೂ ಬಹಳ ಜನಕ್ಕೆ ಅದೇ ಗೊಂದಲ ಇತ್ತು.

ಆಮೇಲೆ ನಾನು ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸಿ ನೋಡಿದ್ದೇನೆ. ಬೋರ್ಡಿನ ಮೇಲೆ, ಟರ್ಮಿನಲ್‌ನಲ್ಲಿ, ಬ್ರೌಸರ್‌ನಲ್ಲಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ. ಒಂದೊಂದಕ್ಕೂ ಒಂದೊಂದು ಶಕ್ತಿ ಇದೆ, ಒಂದೊಂದೂ ಏನನ್ನಾದರೂ ಮುಚ್ಚಿಡುತ್ತದೆ. ಇಲ್ಲಿ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪಾಠ ಮಾಡುವವರಿಗೆ, ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗೆ ನನ್ನ ಅನುಭವದ ಹೋಲಿಕೆ ಕೊಡುತ್ತಿದ್ದೇನೆ.

ಎಲ್ಲದಕ್ಕೂ ಒಂದೇ ಪ್ರೋಗ್ರಾಂ

ಪಠ್ಯಪುಸ್ತಕದ ಅಪ್ಪ-ಮಗ-ಅಜ್ಜ ಉದಾಹರಣೆ ಬಿಟ್ಟು ನಾನು ಬಸ್ಸು ಹಿಡಿದೆ. ನಮ್ಮ ಮಕ್ಕಳಿಗೆ ಬಸ್ಸು ಬದಲಾಯಿಸುವುದು ದಿನದ ಕೆಲಸ.

ಬಸ್ಸು(ದಾವಣಗೆರೆ, ಹರಿಹರ).
ಬಸ್ಸು(ದಾವಣಗೆರೆ, ಚಿತ್ರದುರ್ಗ).
ಬಸ್ಸು(ಚಿತ್ರದುರ್ಗ, ಹಿರಿಯೂರು).
ಬಸ್ಸು(ಚಿತ್ರದುರ್ಗ, ಚಳ್ಳಕೆರೆ).

ಹೋಗಬಹುದು(_ಇಂದ, _ಗೆ) :- ಬಸ್ಸು(_ಇಂದ, _ಗೆ).
ಹೋಗಬಹುದು(_ಇಂದ, _ಗೆ) :- ಬಸ್ಸು(_ಇಂದ, _ನಡುವೆ), ಹೋಗಬಹುದು(_ನಡುವೆ, _ಗೆ).

ಮೊದಲ ನಾಲ್ಕು ಸಾಲು ಇರುವ ಬಸ್ಸುಗಳ ಪಟ್ಟಿ, ಕೊನೆಯ ಎರಡು ನಿಯಮ. ನಿಯಮದಲ್ಲಿ :- ಅಂದರೆ “ಯಾವಾಗ ಅಂದರೆ”, ಅಲ್ಪವಿರಾಮ ಅಂದರೆ “ಮತ್ತು”. ಹೌದು, ಪ್ರೋಲಾಗ್ ಓಡಿಸುವ ತಂತ್ರಾಂಶಗಳಲ್ಲಿ ಒಂದಾದ ಸ್ವಿ-ಪ್ರೋಲಾಗ್‌ನಲ್ಲಿ ಕನ್ನಡ ಅಕ್ಷರದಲ್ಲೇ ಹೀಗೆ ಬರೆಯಬಹುದು. ಪ್ರೋಲಾಗ್‌ನಲ್ಲಿ ವೇರಿಯಬಲ್ (ಬೆಲೆ ತುಂಬಿಕೊಳ್ಳುವ ಖಾಲಿ ಜಾಗ) ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗಬೇಕು, ಇಲ್ಲವೇ ಮುಂದೆ ಅಡಿಗೆರೆ ಇರಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲ. ಹಾಗಾಗಿ ಅಡಿಗೆರೆ ಕಡ್ಡಾಯ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ತಮ್ಮೂರಿನ ಹೆಸರು ಪ್ರೋಗ್ರಾಂ ಒಳಗೆ ನೋಡಿದ ಕೂಡಲೇ ಹತ್ತಿರ ಬಂದು ಕೂರುತ್ತಾರೆ. ಆ ಒಂದು ಕಾರಣಕ್ಕೇ ಈ ಅಡಿಗೆರೆಯ ಕಾಟ ಸಹಿಸಿಕೊಳ್ಳಬಹುದು.

ಪ್ರಶ್ನೆ ಇಷ್ಟೇ: ಹೋಗಬಹುದು(ದಾವಣಗೆರೆ, ಹಿರಿಯೂರು). ಉತ್ತರ ಟ್ರೂ ಅಂತ ಬರುತ್ತದೆ. ಆದರೆ ಒಳಗೆ ಏನು ನಡೆಯಿತು? ಸಿ ಅಥವಾ ಪೈಥಾನ್‌ನಲ್ಲಿ ಲೂಪ್ ಎಲ್ಲಿದೆ, ಇಫ್ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಯಲ್ಲಿ ಹುಟ್ಟಿದ ಈ ಭಾಷೆಯಲ್ಲಿ ಅದೆಲ್ಲ ಒಳಗೇ ಇದೆ. ಮೇಲಿನಿಂದ ಕೆಳಕ್ಕೆ ನಿಯಮ ಹುಡುಕುತ್ತದೆ, ಎಡದಿಂದ ಬಲಕ್ಕೆ ಗುರಿ, ಅಂದರೆ ಸಾಧಿಸಬೇಕಾದ ಒಂದೊಂದು ಪ್ರಶ್ನೆ, ಬಿಡಿಸುತ್ತದೆ, ಸಿಗದಿದ್ದರೆ ಹಿಂದಿನ ಕವಲಿಗೆ ಬರುತ್ತದೆ. ಇದ್ಯಾವುದೂ ಬರೆದ ಸಾಲುಗಳಲ್ಲಿ ಇಲ್ಲ. ಅದಕ್ಕೇ ಚಿತ್ರ ಬೇಕು.

ಬೋರ್ಡಿನ ಮೇಲಿನ ಮರ

ನನ್ನ ಮೊದಲ ಆಯ್ಕೆ ಇದು. ಪುಸ್ತಕಗಳಲ್ಲಿ ಎಸ್‌ಎಲ್‌ಡಿ ಮರ ಅಂತಾರೆ. ಮೇಲೆ ಪ್ರಶ್ನೆ ಬರೆಯಿರಿ. ಎಷ್ಟು ನಿಯಮ ಹೊಂದುತ್ತವೋ ಅಷ್ಟು ಕೊಂಬೆ ಎಳೆಯಿರಿ. ಕೊಂಬೆಯ ಪಕ್ಕದಲ್ಲಿ ಯಾವ ವೇರಿಯಬಲ್‌ಗೆ ಏನು ಬೆಲೆ ಬಂತು ಅಂತ ಬರೆಯಿರಿ. ಕೆಳಗೆ ಉಳಿದ ಗುರಿಗಳನ್ನು ಬರೆಯಿರಿ. ಗುರಿ ಒಂದೂ ಉಳಿಯದಿದ್ದರೆ ಗೆದ್ದಂತೆ. ಮುಂದೆ ದಾರಿ ಇಲ್ಲದಿದ್ದರೆ ಅಡ್ಡಗೆರೆ.

ನಮ್ಮ ಪ್ರಶ್ನೆಗೆ ಮೊದಲ ಕೊಂಬೆ ನೇರ ಬಸ್ಸು. ದಾವಣಗೆರೆಯಿಂದ ಹಿರಿಯೂರಿಗೆ ನಮ್ಮ ಪಟ್ಟಿಯಲ್ಲಿ ನೇರ ಬಸ್ಸಿಲ್ಲ, ಅಡ್ಡಗೆರೆ. ಎರಡನೇ ಕೊಂಬೆ ನಡುವೆ ಒಂದೂರು ಇಟ್ಟುಕೊಂಡು ಹೋಗುವುದು. ಅಲ್ಲಿ ಮತ್ತೆ ಎರಡು ಕವಲು: _ನಡುವೆ ಅಂದರೆ ಹರಿಹರ, ಅಥವಾ ಚಿತ್ರದುರ್ಗ. ಹರಿಹರದ ಕೆಳಗೆ ಎರಡು ಕೊಂಬೆ, ಎರಡಕ್ಕೂ ಅಡ್ಡಗೆರೆ. ಚಿತ್ರದುರ್ಗದ ಕೆಳಗೆ ಮೊದಲ ಕೊಂಬೆಯಲ್ಲೇ ಹಿರಿಯೂರು ಸಿಗುತ್ತದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅವನ ತಲೆಯಲ್ಲಿ ಒಬ್ಬ ಪ್ರಯಾಣಿಕ ಇದ್ದ. ಪ್ರಯಾಣಿಕ ಹರಿಹರಕ್ಕೆ ಹೋದ, ಅಲ್ಲಿ ಸಿಕ್ಕಿಹಾಕಿಕೊಂಡ, ವಾಪಸ್ ಬರಲು ಬಸ್ಸಿಲ್ಲ. ಹಾಗಾದರೆ ದಾವಣಗೆರೆಗೆ ಹೇಗೆ ಬಂದ? ತುಂಬ ಸರಿಯಾದ ಪ್ರಶ್ನೆ. ಪ್ರೋಲಾಗ್‌ನಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ ಅನ್ನುವುದೇ ಉತ್ತರ. “ಹರಿಹರ ಅಂತ ಇಟ್ಟುಕೊಳ್ಳೋಣ” ಅಂದುಕೊಂಡದ್ದನ್ನು ಅದು ಸುಮ್ನೆ ಕೈಬಿಡುತ್ತದೆ, ಅಷ್ಟೇ. ಬ್ಯಾಕ್‌ಟ್ರ್ಯಾಕಿಂಗ್ ಅಂದರೆ ದಾರಿ ತುಳಿದು ವಾಪಸ್ ಬರುವುದಲ್ಲ, ಇಟ್ಟ ಬೆಲೆಯನ್ನು ಅಳಿಸುವುದು.

ಇದನ್ನು ನಾನು ಎಷ್ಟು ಸಲ ಬಾಯಲ್ಲಿ ಹೇಳಿದರೂ ನಾಟಲಿಲ್ಲ. ಕೊನೆಗೆ ಅವನ ಕೈಗೇ ಸೀಮೆಸುಣ್ಣ ಕೊಟ್ಟೆ. ಹರಿಹರದ ಎರಡು ಕೊಂಬೆಗೂ ಅಡ್ಡಗೆರೆ ಎಳೆದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಬೆರಳನ್ನು ಗೆರೆಯ ಮೇಲೇ ಇಟ್ಟು ಮೇಲಕ್ಕೆ ಕವಲಿನವರೆಗೂ ಜರುಗಿಸಿದ. _ನಡುವೆ ಪಕ್ಕದಲ್ಲಿ ಬರೆದಿದ್ದ ‘ಹರಿಹರ’ವನ್ನು ಹೆಬ್ಬೆರಳಲ್ಲಿ ಉಜ್ಜಿದ, ಅದೇ ಜಾಗದಲ್ಲಿ ‘ಚಿತ್ರದುರ್ಗ’ ಬರೆದ. “ಓ, ಅಳಿಸ್ತದೆ ಮೇಡಂ” ಅಂದ. ಆ ಹೆಬ್ಬೆರಳು ಮಾಡಿದ ಕೆಲಸವನ್ನು ಪ್ರೊಜೆಕ್ಟರ್ ಮಾಡಿರಲಿಲ್ಲ.

ಇನ್ನೊಂದು ಹಳೇ ಗೊಂದಲವೂ ಮರದಲ್ಲಿ ಬಿಡಿಸಿಕೊಳ್ಳುತ್ತದೆ. ಟ್ರೂ ಬಂದ ಮೇಲೆ, ಇನ್ನೊಂದು ಉತ್ತರ ಕೊಡು ಅಂತ ಸೆಮಿಕೋಲನ್ ಒತ್ತಿದರೆ ಫಾಲ್ಸ್ ಅಂತ ಬರುತ್ತದೆ. “ಈಗ ತಾನೆ ಹೌದು ಅಂತು, ಈಗ ಅಲ್ಲ ಅಂತಿದೆಯಲ್ಲ” ಅಂತ ಪ್ರತಿ ವರ್ಷ ಕೇಳುತ್ತಾರೆ. ಚಿತ್ರದುರ್ಗದ ಕೆಳಗೆ ಇನ್ನೂ ನೋಡದ ಎರಡನೇ ಕೊಂಬೆ ಇದೆ. ಅಲ್ಲಿ ಹಿರಿಯೂರಿನ ಮೂಲಕ, ಚಳ್ಳಕೆರೆಯ ಮೂಲಕ ಹೋಗಿ ನೋಡುತ್ತದೆ, ಎರಡೂ ಸಿಗುವುದಿಲ್ಲ. ಫಾಲ್ಸ್ ಅಂದರೆ “ಇನ್ನೊಂದು ದಾರಿ ಇಲ್ಲ” ಅಂತ. ಮೊದಲ ಉತ್ತರ ಸುಳ್ಳಾಯಿತು ಅಂತಲ್ಲ. ಮರದ ಮೇಲೆ ಇದನ್ನು ಬೆರಳಿಟ್ಟು ತೋರಿಸಬಹುದು.

ಮರದ ತೊಂದರೆ ಅಂದರೆ ಜಾಗ. ಆರು ಊರಿಗೆ ಏರಿಸಿದರೆ ಬೋರ್ಡು ಸಾಲುವುದಿಲ್ಲ. ಲಿಸ್ಟ್ ಜೋಡಿಸುವ, ತಿರುಗಿಸುವ ಪ್ರೋಗ್ರಾಮಿಗೆ ಮರ ಎಳೆದರೆ ಒಂದೇ ಉದ್ದ ಬಾಲ ಆಗುತ್ತದೆ, ಕವಲೇ ಇರುವುದಿಲ್ಲ. ಅಂಥಲ್ಲಿ ಮರದಿಂದ ಉಪಯೋಗ ಕಡಿಮೆ. ಮರವನ್ನು ತಾನೇ ಎಳೆದುಕೊಡುವ ಸಾಧನಗಳೂ ಇವೆ. ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಮಾರ್ಕೊ ಗವನೆಲ್ಲಿ ಬರೆದ ಎಸ್‌ಎಲ್‌ಡಿಎನ್‌ಎಫ್ ಡ್ರಾ ಅಂಥದ್ದು. ಅದು ಪ್ರೋಗ್ರಾಮಿನಿಂದ ಮರ ತಯಾರಿಸಿ ಲೇಟೆಕ್ (ಪುಟ ಜೋಡಿಸುವ ತಂತ್ರಾಂಶ) ಕಡತವಾಗಿ ಕೊಡುತ್ತದೆ. ನೋಟ್ಸಿಗೆ, ಪ್ರಶ್ನೆಪತ್ರಿಕೆಗೆ ಅದು ಬಹಳ ಒಳ್ಳೆಯದು. ತರಗತಿಯಲ್ಲಿ ಮಾತ್ರ ಸಿದ್ಧ ಮರ ತೋರಿಸಬೇಡಿ. ಬೆಳೆದು ನಿಂತ ಮರ ಒಂದೇ ಸಲ ಕಂಡರೆ ಯಾವ ಕೊಂಬೆ ಮೊದಲು, ಯಾವುದು ಆಮೇಲೆ ಅನ್ನುವುದೇ ಕಳೆದುಹೋಗುತ್ತದೆ.

ಟ್ರೇಸ್: ನಾಲ್ಕು ಬಾಗಿಲಿನ ಮನೆ

ಎರಡನೆಯದು ಟರ್ಮಿನಲ್‌ನಲ್ಲಿ ಟ್ರೇಸ್ ಅಂತ ಬರೆದು ಓಡಿಸುವುದು. ಯಾವ ಪ್ರೋಲಾಗ್ ಹಾಕಿಕೊಂಡರೂ ಬಹುಪಾಲು ಸಿಗುತ್ತದೆ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಇದರ ಹಿಂದೆ ಇರುವುದು 1980ರಲ್ಲಿ ಲಾರೆನ್ಸ್ ಬರ್ಡ್ ಮುಂದಿಟ್ಟ ಪೆಟ್ಟಿಗೆಯ ಮಾದರಿ. ಪ್ರತಿಯೊಂದು ಗುರಿಯೂ ನಾಲ್ಕು ಬಾಗಿಲಿನ ಪೆಟ್ಟಿಗೆ. ಕಾಲ್ ಬಾಗಿಲಿಂದ ಒಳಗೆ ಹೋಗುತ್ತೇವೆ. ಗೆದ್ದರೆ ಎಕ್ಸಿಟ್ ಬಾಗಿಲಿಂದ ಹೊರಗೆ. ಮುಂದೆ ಎಲ್ಲೋ ಸೋತು ವಾಪಸ್ ಬಂದರೆ ರೀಡೂ ಬಾಗಿಲಿಂದ ಮತ್ತೆ ಒಳಗೆ. ಪೂರ್ತಿ ಸೋತರೆ ಫೇಲ್ ಬಾಗಿಲು.

ನಮ್ಮ ಬಸ್ಸಿನ ಪ್ರಶ್ನೆಗೆ ಇಪ್ಪತ್ತರ ಆಸುಪಾಸು ಸಾಲು ಬರುತ್ತದೆ. ಅಷ್ಟರಲ್ಲೇ ಮಕ್ಕಳಿಗೆ ತಲೆ ಸುತ್ತುತ್ತದೆ. ಮೂರು ಕಾರಣ ಕಂಡುಕೊಂಡಿದ್ದೇನೆ. ಮೊದಲನೆಯದು, ಬೆಲೆ ಸಿಗದ ವೇರಿಯಬಲ್‌ಗೆ _ನಡುವೆ ಅನ್ನುವ ಹೆಸರು ಅಲ್ಲಿ ಕಾಣುವುದೇ ಇಲ್ಲ. ಅಡಿಗೆರೆಯ ಮುಂದೆ ಯಾವುದೋ ದೊಡ್ಡ ಸಂಖ್ಯೆ ಬರುತ್ತದೆ. ಎರಡನೆಯದು, ಆವರಣದೊಳಗಿನ ಆಳದ ಸಂಖ್ಯೆ 1ರಿಂದ ಶುರುವಾಗುವುದಿಲ್ಲ, ಹತ್ತರ ಆಸುಪಾಸಿನಿಂದ ಶುರುವಾಗುತ್ತದೆ. “ಮೊದಲ ಒಂಬತ್ತು ಹೆಜ್ಜೆ ಎಲ್ಲಿ ಹೋಯ್ತು?” ಅಂತ ಹುಡುಕುತ್ತಾ ಕೂರುತ್ತಾರೆ. ಮೂರನೆಯದೇ ದೊಡ್ಡದು. ಬೆಲೆ ಅಳಿಸಿದ್ದು ಇಲ್ಲಿ ಒಂದು ಸಾಲಾಗಿ ಬರುವುದಿಲ್ಲ. ಫೇಲ್ ಆಯಿತು, ರೀಡೂ ಬಂತು, ಬೇರೆ ಊರು ಬಂತು. ನಡುವೆ ಹರಿಹರ ಹೋದದ್ದನ್ನು ನಾವೇ ಊಹಿಸಿಕೊಳ್ಳಬೇಕು.

ಹಾಗಂತ ಟ್ರೇಸ್ ಬಿಡಬೇಡಿ. ಒಂದು ಪ್ರೋಗ್ರಾಂ ಎಷ್ಟು ಆಳಕ್ಕೆ ಇಳಿದು ಹೇಗೆ ಮೇಲೆ ಬರುತ್ತದೆ ಅನ್ನುವುದನ್ನು ಇದು ಮರಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಲಿಸ್ಟಿನ ಉದ್ದ ಎಣಿಸುವ ಪ್ರೋಗ್ರಾಂ ಓಡಿಸಿ ನೋಡಿ. ಕಾಲ್, ಕಾಲ್, ಕಾಲ್ ಅಂತ ಇಳಿದು, ಎಕ್ಸಿಟ್, ಎಕ್ಸಿಟ್, ಎಕ್ಸಿಟ್ ಅಂತ ಏರುತ್ತದೆ. ಕೂಡಿಸುವ ಕೆಲಸ ಏರುವಾಗ ನಡೆಯುತ್ತದೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಟ್ರೇಸನ್ನು ನಾನು ನೆಲದ ಮೇಲೂ ಮಾಡಿಸುತ್ತೇನೆ. ಸೀಮೆಸುಣ್ಣದಲ್ಲಿ ದೊಡ್ಡ ಚೌಕ ಎಳೆದು ನಾಲ್ಕು ಬಾಗಿಲು ಗುರುತು ಮಾಡುವುದು. ಒಬ್ಬ ಹುಡುಗಿ ಕಾಲ್ ಬಾಗಿಲಿಂದ ‘ಬಸ್ಸು’ ಚೌಕದೊಳಗೆ ಹೋಗಿ, ಕೈಯಲ್ಲಿ ‘ಹರಿಹರ’ ಚೀಟಿ ಹಿಡಿದು ಎಕ್ಸಿಟ್‌ನಿಂದ ಬರುತ್ತಾಳೆ. ಮುಂದಿನ ಚೌಕ ಸೋತ ಕೂಡಲೇ ರೀಡೂ ಬಾಗಿಲಲ್ಲಿ ಚೀಟಿ ವಾಪಸ್ ಕೊಟ್ಟು ಒಳಗೆ ಹೋಗಬೇಕು. ಚೀಟಿ ಕೊಡದೆ ಒಳಗೆ ಬಿಡಬಾರದು. ಟರ್ಮಿನಲ್ ಮುಚ್ಚಿಟ್ಟ ಆ ಮೂರನೇ ವಿಷಯ ಹೀಗೆ ಹೊರಗೆ ಬರುತ್ತದೆ. ಹತ್ತು ನಿಮಿಷದ ಕೆಲಸ. ಎಂಜಿನಿಯರಿಂಗ್ ಮಕ್ಕಳಿಗೆ ಇದು ಚಿಕ್ಕವರ ಆಟ ಅನ್ನಿಸಬಹುದು ಅಂತ ಮೊದಲು ಅಂಜಿದ್ದೆ, ಹಾಗೇನೂ ಆಗಲಿಲ್ಲ.

ಜಿಟ್ರೇಸ್

ಸ್ವಿ-ಪ್ರೋಲಾಗ್ ಜೊತೆ ಬರುವ ಕಿಟಕಿಗಳ ಡಿಬಗ್ಗರ್ ಇದು. ಯಾನ್ ವೀಲೆಮಾಕರ್ 1987ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರು ಮಾಡಿದ ಈ ಪ್ರೋಲಾಗ್ ಉಚಿತ. ಹಾಗಾಗಿ ಖರ್ಚಿನ ಮಾತಿಲ್ಲ. ಕಿಟಕಿಯಲ್ಲಿ ಮೂರು ಭಾಗ. ಒಂದರಲ್ಲಿ ವೇರಿಯಬಲ್ ಮತ್ತು ಅದರ ಬೆಲೆ, ಇನ್ನೊಂದರಲ್ಲಿ ಯಾವ ಗುರಿಯ ಒಳಗೆ ಯಾವ ಗುರಿ ಇದೆ ಅನ್ನುವ ಸಾಲು, ಕೆಳಗೆ ನಿಮ್ಮದೇ ಪ್ರೋಗ್ರಾಂ. ಈಗ ಓಡುತ್ತಿರುವ ಜಾಗಕ್ಕೆ ಬಣ್ಣ ಬರುತ್ತದೆ.

ಇದರ ನಿಜವಾದ ಬೆಲೆ ಎರಡು ಕಡೆ. ವೇರಿಯಬಲ್‌ಗಳ ಹೆಸರು ಹೆಸರಾಗಿಯೇ ಕಾಣುತ್ತದೆ. ಮತ್ತೆ, ಇನ್ನೂ ನೋಡದೆ ಉಳಿದಿರುವ ಕವಲುಗಳು ಸಾಲಿನ ಪಕ್ಕದಲ್ಲೇ ಕಾಣುತ್ತವೆ. ಟರ್ಮಿನಲ್ ಟ್ರೇಸ್ ಓಡುವಾಗ ಇದು ಕಣ್ಣೆದುರು ಇರುವುದಿಲ್ಲ. ಪ್ರೋಲಾಗ್ ಎಲ್ಲಿಗೆ ವಾಪಸ್ ಬರುತ್ತದೆ ಅಂತ ಮೊದಲೇ ಹೇಳಲು ಇದು ಬೇಕೇ ಬೇಕು.

ಆದರೂ ನನ್ನ ಮೊದಲ ಪಾಠ ಇದರಿಂದಲೇ ಕೆಟ್ಟಿತ್ತು. ಮೂರು ಕಡೆ ಒಟ್ಟಿಗೆ ಏನೋ ಬದಲಾಗುತ್ತಿರುತ್ತದೆ. ಹೊಸಬರು ಬಣ್ಣ ಓಡುವುದನ್ನು ನೋಡುತ್ತಾರೆ, ಬೆಲೆ ಮಾಯವಾದದ್ದನ್ನು ನೋಡುವುದಿಲ್ಲ. ಸ್ಪೇಸ್ ಬಾರ್ ಒತ್ತುತ್ತಾ ಹೋಗುವುದು ಸುಲಭ, ಒತ್ತಿದ್ದೇ ಕಲಿತಂತೆ ಅನ್ನಿಸಿಬಿಡುತ್ತದೆ. ಮರ ಬಿಡಿಸಲು ಬಂದ ಮೇಲೆ, ಅಂದರೆ ಮೂರನೇ ನಾಲ್ಕನೇ ಲ್ಯಾಬಿನಲ್ಲಿ, ತಮ್ಮದೇ ಪ್ರೋಗ್ರಾಮಿನ ತಪ್ಪು ಹುಡುಕಲು ಕೊಟ್ಟರೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಸ್ವಿಶ್ ಮತ್ತು ಒಂದು ಹಳೇ ಸಾಧನ

ಸ್ವಿಶ್ ಅಂದರೆ ಬ್ರೌಸರ್‌ನಲ್ಲೇ ಓಡುವ ಸ್ವಿ-ಪ್ರೋಲಾಗ್. ಏನೂ ಹಾಕಿಕೊಳ್ಳಬೇಕಿಲ್ಲ, ಮೊಬೈಲಿನಲ್ಲೂ ತೆರೆಯುತ್ತದೆ. ಸಾಲಿನ ಸಂಖ್ಯೆ ಒತ್ತಿ ನಿಲುಗಡೆ ಇಡಬಹುದು, ಹೆಜ್ಜೆ ಹೆಜ್ಜೆಯಾಗಿ ಟ್ರೇಸ್ ಮಾಡಬಹುದು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ನೆಟ್ ಇಲ್ಲದ ದಿನ ಇದೂ ಇಲ್ಲ. ಕಡತ ತೆರೆಯುವಂಥ ಕೆಲಸಕ್ಕೆ ಅಲ್ಲಿ ಅನುಮತಿಯೂ ಇಲ್ಲ.

ಒಂದು ಎಚ್ಚರಿಕೆ. ಉತ್ತರವನ್ನು ಮರದ ಚಿತ್ರವಾಗಿ ತೋರಿಸುವ ಸೌಲಭ್ಯ ಸ್ವಿಶ್‌ನಲ್ಲಿದೆ, ಚೆಂದ ಕಾಣುತ್ತದೆ. ಅದು ಉತ್ತರವಾಗಿ ಬಂದ ಬೆಲೆಯ ಒಳರಚನೆಯ ಆಕಾರ, ಪ್ರೋಗ್ರಾಂ ಓಡಿದ ದಾರಿಯಲ್ಲ. ವಾಕ್ಯ ಬಿಡಿಸುವ ವ್ಯಾಕರಣದ ಲ್ಯಾಬಿಗೆ ಅದು ತುಂಬ ಉಪಯೋಗ. ಬ್ಯಾಕ್‌ಟ್ರ್ಯಾಕಿಂಗ್ ಕಲಿಸಲು ಅದನ್ನು ತೋರಿಸಿದರೆ ಗೊಂದಲ ಜಾಸ್ತಿ ಆಗುತ್ತದೆ.

ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯಲ್ಲಿ ಮಾರ್ಕ್ ಐಸೆನ್‌ಸ್ಟಾಟ್ ಮತ್ತು ಮೈಕ್ ಬ್ರೇಶಾ 1980ರ ದಶಕದಲ್ಲಿ ಟ್ರಾನ್ಸ್‌ಪೇರೆಂಟ್ ಪ್ರೋಲಾಗ್ ಮೆಷೀನ್ ಅಂತ ಮಾಡಿದ್ದರು. ಅದನ್ನು ಇಂದು ಲ್ಯಾಬಿನಲ್ಲಿ ಓಡಿಸುವ ಮಾತು ಬೇಡ. ಅದರ ಒಂದು ಯೋಚನೆಯನ್ನು ಮಾತ್ರ ನಾನು ದಿನಾ ಬಳಸುತ್ತೇನೆ: ದೊಡ್ಡ ಪ್ರೋಗ್ರಾಮನ್ನು ಮೊದಲು ದೂರದಿಂದ, ಗೆದ್ದ ಸೋತ ಗುರುತುಗಳ ಬರೀ ಆಕಾರವಾಗಿ ತೋರಿಸುವುದು, ಆಮೇಲೆ ಅನುಮಾನ ಬಂದ ಒಂದು ಗುರಿಯ ಹತ್ತಿರ ಹೋಗಿ ಬೆಲೆಗಳನ್ನು ನೋಡುವುದು. ಬೋರ್ಡಿನಲ್ಲೂ ಹೀಗೇ ಮಾಡಬಹುದು. ಮೊದಲು ಬರೀ ಕೊಂಬೆ ಎಳೆಯಿರಿ, ಬೆಲೆ ಬರೆಯಬೇಡಿ.

ನಿಮಗೆ ಯಾವುದು?

ಮೊದಲು ಎದುರಿಗಿರುವವರಿಗೆ ಯಾವುದು ಅರ್ಥವಾಗಿಲ್ಲ ಅಂತ ನೋಡಿ. “ಇದನ್ನೇ ಯಾಕೆ ಮೊದಲು ನೋಡಿತು, ಇಲ್ಲಿಗೇ ಯಾಕೆ ವಾಪಸ್ ಬಂತು” ಅಂತ ಕೇಳಿದರೆ ಮರ. “ಕೂಡಿಸಿದ್ದು ಯಾವಾಗ” ಅಂತ ಕೇಳಿದರೆ ಟ್ರೇಸ್ ಅಥವಾ ನೆಲದ ಚೌಕ. “ನನ್ನ ಪ್ರೋಗ್ರಾಂ ಯಾಕೆ ಫಾಲ್ಸ್ ಅಂತಿದೆ” ಅಂದರೆ ಜಿಟ್ರೇಸ್. ಒಬ್ಬರೇ ಕಲಿಯುತ್ತಿದ್ದರೆ ಪೆನ್ನು, ಹಾಳೆ, ಸ್ವಿಶ್ ಮೂರೂ ಇಟ್ಟುಕೊಳ್ಳಿ, ಆದರೆ ಹಾಳೆಯ ಮೇಲೆ ಮರ ಮುಗಿಯುವವರೆಗೆ ಸ್ವಿಶ್ ತೆರೆಯಬೇಡಿ.

ಯಾವುದನ್ನೇ ಆರಿಸಿದರೂ ಒಂದು ಕೆಲಸ ಬಿಡಬಾರದು. ಮುಂದಿನ ಹೆಜ್ಜೆ ಒತ್ತುವ ಮುಂಚೆ ನಿಲ್ಲಿಸಿ, ಏನು ಬರುತ್ತದೆ ಅಂತ ಮಕ್ಕಳ ಬಾಯಿಂದ ಹೇಳಿಸಿ. ಹಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಮೂವರು ಸೇರಿ 2002ರಲ್ಲಿ ಇಂಥ ಚಿತ್ರಗಳ ಮೇಲೆ ನಡೆದಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಚಿತ್ರದಲ್ಲಿ ಏನು ಕಾಣುತ್ತದೆ ಅನ್ನುವುದಕ್ಕಿಂತ ಕಲಿಯುವವರು ಅದರ ಜೊತೆ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ ಅಂತ ಅವರಿಗೆ ಕಂಡಿತ್ತು. ನಾನು ಅದನ್ನು ಓದಿದ್ದು ನನ್ನ ಆ ಪ್ರೊಜೆಕ್ಟರ್ ಪಾಠ ಆದ ಮೇಲೆ. ಮೊದಲೇ ಓದಿದ್ದರೆ ಆ ವರ್ಷದ ಮಕ್ಕಳಿಗೆ ಒಂದು ವಾರ ಉಳಿಯುತ್ತಿತ್ತು.

ಸುತ್ತುವ ಬಸ್ಸು, ಕಡಿದ ಕೊಂಬೆ

ಸಾಧನಗಳ ವ್ಯತ್ಯಾಸ ಚೆನ್ನಾಗಿ ಕಾಣಬೇಕಾದರೆ ಎರಡು ಬದಲಾವಣೆ ಮಾಡಿ ನೋಡಿ.

ಮೊದಲು ಪಟ್ಟಿಗೆ ಬಸ್ಸು(ಹರಿಹರ, ದಾವಣಗೆರೆ) ಸೇರಿಸಿ. ಆ ಹುಡುಗ ಕೇಳಿದ ವಾಪಸ್ ಬಸ್ಸೇ ಅದು. ಈಗ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ದಾವಣಗೆರೆ, ಹರಿಹರ, ದಾವಣಗೆರೆ, ಹರಿಹರ. ಚಿತ್ರದುರ್ಗದ ಬಸ್ಸು ಪಟ್ಟಿಯ ಎರಡನೇ ಸಾಲಿನಲ್ಲೇ ನಿಂತಿದೆ, ಅದರ ಸರದಿ ಬರುವುದೇ ಇಲ್ಲ. ಕೊನೆಗೆ ಸ್ಟ್ಯಾಕ್ (ಅರ್ಧಕ್ಕೆ ನಿಂತ ಗುರಿಗಳನ್ನು ನೆನಪಿಡುವ ಜಾಗ) ಮಿತಿ ಮೀರಿತು ಅಂತ ಹೇಳಿ ನಿಲ್ಲುತ್ತದೆ. 64 ಬಿಟ್ ಕಂಪ್ಯೂಟರಿನಲ್ಲಿ ಸ್ವಿ-ಪ್ರೋಲಾಗ್ ತಾನಾಗಿ ಇಟ್ಟುಕೊಂಡಿರುವ ಮಿತಿ 1 ಜಿಬಿ. ಇಲ್ಲಿ ಟ್ರೇಸ್ ಗೆಲ್ಲುತ್ತದೆ. ಅವೇ ಎರಡು ಊರು ಮತ್ತೆ ಮತ್ತೆ ಬಂದು ಆಳದ ಸಂಖ್ಯೆ ಏರುತ್ತಿರುವುದು ಅರ್ಧ ನಿಮಿಷದಲ್ಲಿ ಕಾಣುತ್ತದೆ. ಮರ ಎಳೆಯಲು ಹೊರಟರೆ ಎಡಗಡೆ ಬೋರ್ಡು ಮುಗಿದೇ ಹೋಗುತ್ತದೆ. ಆದರೆ ಯಾಕೆ ಅಂತ ಹೇಳುವಾಗ ಮರಕ್ಕೇ ಬರಬೇಕು: ಬಲಗಡೆ ಉತ್ತರ ಇದೆ, ಎಡಗಡೆಯ ಕೊಂಬೆಗೆ ತುದಿಯೇ ಇಲ್ಲ. ಚಿತ್ರದುರ್ಗದ ಸಾಲನ್ನು ಹರಿಹರಕ್ಕಿಂತ ಮೇಲೆ ಇಟ್ಟರೆ ಮೊದಲ ಉತ್ತರ ತಕ್ಷಣ ಬರುತ್ತದೆ. ತರ್ಕದ ಪ್ರಕಾರ ಏನೂ ಬದಲಾಗಿಲ್ಲ, ಓಟ ಪೂರ್ತಿ ಬದಲಾಗಿದೆ. ಟೇಬಲಿಂಗ್ (ಒಮ್ಮೆ ಸಿಕ್ಕ ಉತ್ತರಗಳನ್ನು ನೆನಪಿಟ್ಟು ಮತ್ತೆ ಬಳಸುವುದು) ಹಾಕಿ ಸುತ್ತುವುದನ್ನು ನಿಲ್ಲಿಸಬಹುದು, ಆದರೆ ಆಗ ನಾಲ್ಕು ಬಾಗಿಲಿನ ಕಥೆ ಸರಿಯಾಗಿ ಕೂರುವುದಿಲ್ಲ. ಅದನ್ನು ಮೊದಲ ತಿಂಗಳು ಮುಟ್ಟಬೇಡಿ.

ಎರಡನೆಯದು ಕಟ್. ವಾಪಸ್ ಬಸ್ಸು ತೆಗೆದು, ಮೊದಲ ನಿಯಮದ ಕೊನೆಗೆ ಅಲ್ಪವಿರಾಮ, ಆಶ್ಚರ್ಯಸೂಚಕ ಚಿಹ್ನೆ ಹಾಕಿ: ನೇರ ಬಸ್ಸು ಸಿಕ್ಕರೆ ಬೇರೆ ದಾರಿ ನೋಡಬೇಡ ಅಂತ. ಈಗ ಟ್ರೂ ಆದ ಮೇಲೆ ಫಾಲ್ಸ್ ಬರುವುದೇ ಇಲ್ಲ. ಟ್ರೇಸ್‌ನಲ್ಲಿ ಇದನ್ನು ಹುಡುಕಿದರೆ ಸಿಗುವುದು ಬಾರದೇ ಹೋದ ಸಾಲುಗಳು ಮಾತ್ರ. ಬಾರದ ಸಾಲನ್ನು ಮಕ್ಕಳು ಹೇಗೆ ನೋಡಬೇಕು? ಇಲ್ಲಿ ಮತ್ತೆ ಮರವೇ. ಚಿತ್ರದುರ್ಗದ ಕೆಳಗಿನ ಎರಡನೇ ಕೊಂಬೆಯನ್ನು ಡಸ್ಟರಿನಿಂದ ಒರೆಸಿ. ಮೇಲಿನ ದಾವಣಗೆರೆಯ ಕವಲು ಮುಟ್ಟಬೇಡಿ. ಕಟ್ ತಾನು ಇರುವ ಗುರಿಯ ಕವಲನ್ನು ಮಾತ್ರ ಕಡಿಯುತ್ತದೆ, ಅದರ ಮೇಲಿನವರದ್ದನ್ನಲ್ಲ. ಒರೆಸುವಾಗ ಜೋರಾಗಿ ಉಜ್ಜಬೇಡಿ, ಗೆರೆ ಮಸುಕಾಗಿ ಉಳಿಯಲಿ. “ಕಟ್ ಇಲ್ಲದಿದ್ದರೆ ಎಲ್ಲಿಗೆ ಹೋಗ್ತಿತ್ತು ಮೇಡಂ?” ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ತೋರಿಸಲು ಆ ಮಸುಕು ಗೆರೆ ಬೇಕು.